ಕುಡಿಯುವುದು ಬಿಟ್ಟವನ ಹೆಂಡತಿ

"ಎಲ್ಲಿ ಸತ್ತಾನಬೇ ನಿನ್ನ ಗಂಡ? ಬಾಯಾಗ ಸಗಣಿ ಇಟ್ಕೊಂಡಿಯೇನ, ರಂಡಿ?"

ಗೌಡ ಹಾಜರಿ ಪುಸ್ತಕದಿಂದ ತಲೆ ಎತ್ತದೆಯೇ ನನ್ನನ್ನು ಬೈದ. ಹೊತ್ತು ಮುಳುಗುವ ಮುಂಚೆ ನಮ್ಮ ಕೇರಿಯವರೆಲ್ಲ ಚಾವಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹಾಜರಿ ಕೊಡಬೇಕು. ನಾವು ಹುಟ್ಟಿನಿಂದಲೇ ಕಳ್ಳರೆಂದು ಸರಕಾರ ಕಾಯ್ದೆ ಮಾಡಿದೆ. ನಲವತ್ತೆರಡನೆಯ ಇಸವಿಯ ಆ ಮಳೆಗಾಲದಲ್ಲಿ ಸಂಕೇಶ್ವರದ ದಾರಿಯ ಟೆಲಿಗ್ರಾಫ್ ತಂತಿಯನ್ನು ಯಾರೋ ಕಡಿಯುತ್ತಿದ್ದರು. ಅವರನ್ನು ಹಿಡಿಯಲೆಂದೇ ಬಂದಿದ್ದ ಪೊಲೀಸ್ ಫೌಜದಾರನೂ ಗೌಡನ ಪಕ್ಕದಲ್ಲಿ ಕೂತಿದ್ದ.

ಎಂಟು ದಿನದಿಂದ ನನ್ನ ಗಂಡ ಯಲ್ಲಾರಿ ಹಾಜರಿಗೂ ಇಲ್ಲ, ರಾತ್ರಿ ಮನೆಗೂ ಇಲ್ಲ. "ಜ್ವರ ಬಂದೈತ್ರಿ" ಎಂದು ಸುಳ್ಳು ಹೇಳಿ ಕಾಪಾಡಿದ್ದೆ. ಅವತ್ತು ನನ್ನ ಹೊಟ್ಟೆ ಉರಿಯುತ್ತಿತ್ತು. ಅವನು ಕುಡಿಯುವುದು ಬಿಟ್ಟಿದ್ದ. ನಮ್ಮ ಕೇರಿಯಲ್ಲಿ ಗಂಡಸು ಸುಮ್ಮನೆ ಕುಡಿಯುವುದು ಬಿಡುತ್ತಾನೆಯೇ? ಅಂಗಿ ತಾನೇ ಬೆಳ್ಳಗೆ ಒಗೆದುಕೊಳ್ಳುತ್ತಿದ್ದ, ತಮ್ಮ ಕೇದಾರಿಯೊಡನೆ ಮಾತು ಬಿಟ್ಟಿದ್ದ, ಒಬ್ಬನೇ ನಗುತ್ತಿದ್ದ. ನಸುಕಿನಲ್ಲಿ ಬಂದು ನನ್ನ ಕೈಯಿಂದಲೇ ಇಬ್ಬರಿಗಾಗುವಷ್ಟು ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದ. ಹದಿನಾಲ್ಕು ವರ್ಷ ನನ್ನೊಡನೆ ಬಾಳಿದವನ ಮುಖದಲ್ಲಿ ನಾನು ಎಂದೂ ತರಲಾಗದ ಖುಷಿ ಇತ್ತು. ಯಾರು ತಂದರು? ಎಮ್ಮೆ ಕಾಯುವ ಶಿವವ್ವನೇ ಇರಬೇಕೆಂದು ಅವಳ ಜಡೆ ಹಿಡಿದು ಕೆರೆಯ ದಂಡೆಯಲ್ಲಿ ಎಳೆದಾಡಿಯೂ ಬಂದಿದ್ದೆ.

"ಯಾವ ಸೂಳಿ ಮಗ್ಗಲಾಗ ಬಿದ್ದಾನೋ ನನಗೇನ ಗೊತ್ರಿ," ಅಂದೆ. "ದಿನಾ ದಡ್ಡಿ ಊರ ಕಡೆ ಗುಡ್ಡಕ್ಕ ಹೋಗ್ತಾನ. ಹಿಡಕೊಂಡ ಬರ್ರಿ. ಇಬ್ಬರನ್ನೂ ಹಿಡಕೊಂಡ ಬರ್ರಿ!"

ಮರುದಿನ ಬೆಳಿಗ್ಗೆ ವಾಲೀಕಾರ ಹಲಗೆ ಬಾರಿಸುತ್ತ ಫೌಜದಾರನ ಹುಕುಂ ಸಾರಿದ.

"ಕೇಳ್ರೆಪೋ ಕೇಳ್ರಿ! ಯಾರ್ ಒಮ್ಮಿಂದೊಮ್ಮೆ ಕುಡಿಯೂದ ಬಿಟ್ಟಾರ, ಯಾರ್ ರಾತ್ರಿ ಮನ್ಯಾಗ ಮಲಗೂದಿಲ್ಲ, ಬಿಳೇ ಅರಬಿ ಹಾಕ್ಕೊಂಡ ತಿರಗತಾರ, ಅಣ್ಣತಮ್ಮರ ಕೂಡ ಮಾತ ಬಿಟ್ಟಾರ, ಅಂಥಾವ್ರು ದಹಶತವಾದಿಗೋಳು! ಸರಕಾರಕ್ಕ ಅಂಜಿಕಿ ಹಾಕಾವ್ರು! ಕಂಡವ್ರು ಚಾವಡಿಗೆ ಬಂದ ಹೇಳಬೇಕ್ರೆಪೋ!"

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಒಂದೊಂದು ಲಕ್ಷಣವೂ ನನ್ನ ಗಂಡನದೇ. ಸುಳ್ಳೇಕೆ ಹೇಳಲಿ, ಮೊದಲು ಆದದ್ದು ಸಂತೋಷ. ಬೇರೆ ಹೆಂಗಸಿಲ್ಲ! ಆಮೇಲೆ ಚಾವಡಿಯಲ್ಲಿ ಆಡಿದ ಮಾತು ನೆನಪಾಯಿತು. ಗುಡ್ಡದ ದಾರಿ ತೋರಿಸಿಕೊಟ್ಟವಳು ನಾನೇ.

ಮಧ್ಯಾಹ್ನಕ್ಕೆ ಹಿಡಿದು ತಂದರು. ಗುಡ್ಡದ ಗುಡಿಸಲಲ್ಲಿ ಯಲ್ಲಾರಿಯ ಜೊತೆ ಸಿಕ್ಕವನು ಗೌಡನ ಮಗ ಅಣ್ಣಾಸಾಹೇಬ. ತಂತಿಯ ಸುರುಳಿಯೂ ಸಿಕ್ಕಿತ್ತು. ಕಂಬ ಹತ್ತಿ ಕಡಿದವನು ಯಲ್ಲಾರಿ, ಕೆಳಗೆ ನಿಂತು ಸುತ್ತಿದವನು ಅಣ್ಣಾಸಾಹೇಬ. ಇಬ್ಬರೂ ಒಪ್ಪಿಕೊಂಡಿದ್ದರು.

ಅಣ್ಣಾಸಾಹೇಬ ಬಂಡಿಯಲ್ಲಿ ಕೂತು ಬಂದ, ಕೈಗೆ ಹಗ್ಗವಿಲ್ಲ. ಯಲ್ಲಾರಿಯ ಸೊಂಟಕ್ಕೆ ಹಗ್ಗ ಬಿಗಿದು ಅದೇ ಬಂಡಿಯ ಹಿಂದೆ ಓಡಿಸಿಕೊಂಡು ತಂದಿದ್ದರು. ಒಂದು ಕಣ್ಣು ಬಾತು ಮುಚ್ಚಿತ್ತು. ಚಾವಡಿಯಲ್ಲಿ ಗೌಡತಿ ಸುಂದ್ರವ್ವ ಮಗನಿಗೆ ಆರತಿ ಬೆಳಗಿದಳು. "ನನ್ನ ಕೂಸು ದೇಶಕ್ಕಾಗಿ ಜೇಲಿಗೆ ಹೊಂಟೈತಿ" ಎಂದು ಅತ್ತಳು. ಊರ ಹೆಂಗಸರೆಲ್ಲ ಅವಳ ಕಣ್ಣೊರೆಸಿದರು. ಅದನ್ನು ಕಂಡು ನನಗೆ ಬಂದಂಥ ಹೊಟ್ಟೆಕಿಚ್ಚು ಶಿವವ್ವನ ಮೇಲೂ ಬಂದಿರಲಿಲ್ಲ. ನನ್ನವನಿಗಾಗಿ ನಾಲ್ಕು ಜನರೆದುರು ಹಾಗೆ ಅಳುವ ಭಾಗ್ಯ ನನಗೆ ಯಾಕಿಲ್ಲ?

ಫೌಜದಾರ ಬರೆಯುತ್ತ ಓದಿದ. "ಅಣ್ಣಾಸಾಹೇಬ ಪಾಟೀಲ, ದಹಶತವಾದಿ. ಯಲ್ಲಾರಿ, ತಂತಿ ಕಳವು, ಮೂರನೇ ಗುನ್ಹೆ."

ಗೌಡನ ಮಗನಿಗೆ ವರ್ಷವೋ ಎರಡು ವರ್ಷವೋ; ಹೊರಗೆ ಬಂದರೆ ಹಾರ ಹಾಕುತ್ತಾರೆ. ನಮ್ಮ ಕೇರಿಯವನ ಮೂರನೆಯ ಕಳವಿಗೆ ಜೀವ ಇರುವತನಕ ಜೇಲು. ಮೊದಲಿನ ಎರಡೂ ಅವನು ಮಾಡಿದ್ದಲ್ಲ. ಊರಲ್ಲಿ ಕುರಿ ಕಳೆದಾಗ ಹಾಜರಿ ಪುಸ್ತಕ ತೆಗೆದು ಕೈಗೆ ಸಿಕ್ಕ ಹೆಸರು ಬರೆದುಕೊಂಡಿದ್ದರು.

ಫೌಜದಾರನ ಕಾಲಿಗೆ ಬಿದ್ದೆ. "ಸಾಹೇಬ್ರ, ಒಂದ ತಂತಿ, ಇಬ್ರೂ ಹಿಡದಾರ್ರಿ. ನನ್ನ ಗಂಡನ್ನೂ ದಹಶತವಾದಿ ಅಂತನ ಬರೀರಿ."

ಚಾವಡಿ ತುಂಬ ನಗು.

"ಗೌಡ್ರ ಮಗಾ ಮನಸಿನ್ಯಾಗ ದೇಶಾ ಇಟ್ಕೊಂಡ ಮಾಡ್ಯಾನ," ಅಂದ ಫೌಜದಾರ. "ಗುನ್ಹೆ ಯಾವದನ್ನೂದು ಮನಸಿನ ಮ್ಯಾಲೈತಿ."

"ಇವನ ಮನಸಿನ್ಯಾಗ ಏನೈತಿ ಅಂತ ಕೇಳಿದ್ರೇನ್ರಿ?"

"ಕೇಳೂದೇನೈತಿ? ನಿಮ್ಮ ಕೇರ್ಯಾಗ ಹುಟ್ಟ್ಯಾನಲ್ಲ."

ಅಣ್ಣಾಸಾಹೇಬ ಬಾಯಿ ತೆರೆದ. "ಅಪ್ಪಾ, ಯಲ್ಲಾರಿನೂ ನಮ್ಮ ಜೋಡಿ..."

"ಸುಮ್ನಿರೋ!" ಗೌಡ ಗದರಿದ. "ಕಳ್ಳನ ಜೋಡಿ ನಮ್ಮ ಮನಿ ಹೆಸರ ಕೂಡಿಸಬ್ಯಾಡ."

ದೇಶಕ್ಕಾಗಿ ಜೇಲಿಗೆ ಹೊರಟವನು ಅಪ್ಪನ ಮಾತಿಗೆ ಬಾಯಿ ಮುಚ್ಚಿದ.

ನಾನು ಎದ್ದವಳೇ ಸುಂದ್ರವ್ವನ ಕೈಯಿಂದ ಆರತಿ ತಟ್ಟೆ ಕಿತ್ತುಕೊಂಡು ಉರಿಯುವ ಬತ್ತಿಯನ್ನು ಫೌಜದಾರನ ಹಾಳೆಗೆ ಹಿಡಿದೆ. ಹಾಳೆ ಭಗ್ಗೆಂದಿತು.

"ನಾ ಕದ್ದಿಲ್ಲ, ಸುಟ್ಟೇನಿ! ಎಲ್ಲಾರ ಮುಂದ ಸುಟ್ಟೇನಿ! ಈಗ ನನ್ನ ಏನಂತ ಬರೀತಿ, ಬರಿಯೋ ಭಾಡ್ಯಾ!"

ಒಬ್ಬ ಪೊಲೀಸ ನನ್ನ ತುರುಬು ಹಿಡಿದ. ಆರತಿಗೆ ಮಾತ್ರ ಯಾರೂ ಕೈ ಹಾಕಲಿಲ್ಲ, ನಾನು ಮುಟ್ಟಿ ಮೈಲಿಗೆಯಾಗಿತ್ತಲ್ಲ; ಅದು ನನ್ನ ಕೈಯಲ್ಲೇ ಉರಿಯುತ್ತಿತ್ತು. ಫೌಜದಾರ ಬೂದಿ ಊದಿ ಹೊಸ ಹಾಳೆ ಹಾಸಿದ. ಅವನ ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ.

"ಅವ್ವಾರ, ಈ ಆರತಿ ತಾಟ ಹಿತ್ತಾಳಿದೋ ಬೆಳ್ಳಿದೋ?"

ಸುಂದ್ರವ್ವ ಕಣ್ಣೊರೆಸಿಕೊಂಡಳು. "ಬೆಳ್ಳಿದ್ರಿ."

"ಲಕ್ಕವ್ವ, ಯಲ್ಲಾರಿಯ ಹೆಂಡತಿ," ಎಂದು ಓದಿಕೊಳ್ಳುತ್ತ ಅವನು ಬರೆದ. "ಬೆಳ್ಳಿ ತಟ್ಟೆ ಕಳವು."

ನಾನು ಆ ಹಾಳೆಗೂ ಬೆಂಕಿ ಹಚ್ಚಿದೆ.