ಕರಗದ ಹಿಡಿ

ಮಸ್ಕಿಯ ಬಸ್ ನಿಲ್ದಾಣದ ಎದುರು ಒಡೆದ ಪ್ಲಾಸ್ಟಿಕ್ ಕೊಡ, ಬಕೆಟ್ಟು, ಕುರ್ಚಿಗಳಿಗೆ ಬೆಸುಗೆ ಹಾಕುತ್ತಿದ್ದ ಅಲ್ಲಾಭಕ್ಷ್‌ನ ಕೈ ನಡುಗತೊಡಗಿದ ಮೇಲೆ ಬೆಸುಗೆಯ ಕಬ್ಬಿಣದ ಸಲಾಕಿ ಸೊಸೆ ಮಾಸುಂಬಿಗೆ ಬಂತು. ಕೊಡುವಾಗ ಮುದುಕ ಒಂದು ಕರಾರು ಹಾಕಿದ್ದ. ಸಲಾಕಿ ಮುಟ್ಟಿಸಿದ ಸಾಮಾನು ಬೆಸುಗೆ ಕೂಡದೆ ವಾಪಸ್ ಹೋಗಬಾರದು. ಒಂದು ಹೋದರೂ ಸಲಾಕಿ ಅವನ ಚೀಲಕ್ಕೆ, ಮಾಸುಂಬಿ ಮತ್ತೆ ಒಲೆಯ ಮುಂದಕ್ಕೆ.

ಎಂಟು ದಿನ ಒಂದೂ ಹಾಗೆ ಹೋಗಲಿಲ್ಲ. ಕಾದ ಸಲಾಕಿಯ ಕೆಳಗೆ ಕೊಡದ ಸೀಳು ತುಪ್ಪದಂತೆ ಕರಗಿ, ಆರಿ, ಒಂದಾಗುವುದನ್ನು ನೋಡುವುದೇ ಮಾಸುಂಬಿಗೆ ಖುಷಿ. ಈ ಕೆಲಸ ಬಿಡುವ ಮನಸ್ಸಿರಲಿಲ್ಲ.

ಒಂಬತ್ತನೆಯ ದಿನ ಪಾಮನಕಲ್ಲೂರಿನ ಶಿವಕುಮಾರಿ ಕುಕ್ಕರಿನ ಮುರಿದ ಕರಿ ಹಿಡಿ ತಂದಳು. ಮಾಸುಂಬಿ ಹಿಂದುಮುಂದು ನೋಡದೆ ಸಲಾಕಿ ಒತ್ತಿದಳು. ಹಿಡಿ ಕರಗಲಿಲ್ಲ. ಹೊಗೆ ಎದ್ದಿತು, ಕಮಟು ನಾತ ಬಂತು, ಅಂಚು ಕರಕಲಾಯಿತು.

"ಏನವಾ, ಹಿಡಿಗೆ ಊದಿನಕಡ್ಡಿ ಹಚ್ಚೀಯೇನು?" ಎಂದಳು ಶಿವಕುಮಾರಿ.

ಕೊಡಗಳ ರಾಶಿಯ ಹಿಂದೆ ಮರೆಯಲ್ಲಿ ಚಹಾ ಕುಡಿಯುತ್ತಿದ್ದ ಮಾವ ಬಗ್ಗಿ ಸೊಸೆಯ ಕಿವಿಯಲ್ಲಿ ಉಸುರಿದ: "ಕೊಡದ ತುಂಡು ಕಾಸಿ ಮ್ಯಾಲ ಮೆತ್ತು. ಕೂಡ್ತದ."

ಮೆತ್ತಿದರೆ ಸಲಾಕಿ ಉಳಿಯುತ್ತದೆ. ಆದರೆ ಕುಕ್ಕರ್ ಕೂರುವುದು ಉರಿಯ ಮೇಲೆ. ಮಾಸುಂಬಿ ಹಿಡಿಯನ್ನು ಎರಡು ಸಲ ತಿರುಗಿಸಿ ನೋಡಿದಳು.

"ಇದು ಕೂಡಂಗಿಲ್ರೀ ಅಕ್ಕಾರ. ಕೊಡ ಬೆಲ್ಲ ಇದ್ದಂಗ, ಎಷ್ಟು ಸಲ ಕಾಸಿದ್ರೂ ಕರಗ್ತದ, ಆರಿದ್ರ ಗಟ್ಟಿ ಆಗ್ತದ. ಈ ಹಿಡಿ ರೊಟ್ಟಿ ಇದ್ದಂಗ. ಒಮ್ಮೆ ಬೆಂದು ಗಟ್ಟಿ ಆದ್ರ ಮುಗೀತು, ಮತ್ತ ಹಿಟ್ಟಾಗಂಗಿಲ್ಲ. ಕಾಸಿದ್ರ ಹೊತ್ತತದ ಅಷ್ಟ. ಅದಕ್ಕ ಕುಕ್ಕರಿಗೆ, ಇಸ್ತ್ರಿ ಪೆಟ್ಟಿಗಿಗೆ, ಕರೆಂಟಿನ ಸ್ವಿಚ್ಚಿಗೆ ಇದನ್ನ ಹಾಕ್ತಾರ. ಮ್ಯಾಲ ಕೊಡದ ಪ್ಲಾಸ್ಟಿಕ್ ಮೆತ್ತಿದ್ರ ಉರಿಗೆ ಕರಗಿ ನಿಮ್ಮ ಕೈಗೇ ಹತ್ತತದ. ಹೊಸಾದು ತರ್ರಿ, ಸ್ಕ್ರೂ ನಾ ಹಾಕಿಕೊಡ್ತೀನಿ."

ಹೇಳಿದವಳೇ ಕರಾರಿನಂತೆ ಸಲಾಕಿಯನ್ನು ಮಾವನ ಮುಂದೆ ಇಟ್ಟಳು.

ಶಿವಕುಮಾರಿ ಅಂಗೈ ಚಾಚಿದಳು. ನಡುವೆ ಸುಟ್ಟ ಕಲೆ. "ಖರೆ ಹೇಳ್ದಿ ತಂಗಿ. ಹ್ವಾದ ವರ್ಷ ಲಿಂಗಸುಗೂರು ಸಂತ್ಯಾಗ ಒಬ್ಬ ಮುದುಕ ಹಿಂಗ ಮೆತ್ತಿ ಕೊಟ್ಟಿದ್ದ. ಹಸಿರು ಟೋಪಿ ಹಾಕ್ಕೊಂಡಿದ್ದ. ಸಿಗಲಿ, ಅವನ ಕೈಗೇ ಕಾದ ಸಲಾಕಿ ಇಡ್ತೀನಿ!"

ಅಲ್ಲಾಭಕ್ಷ್‌ಗೆ ಚಹಾ ನೆತ್ತಿಗೇರಿತು. ರಾಶಿಯ ಮರೆಯಲ್ಲೇ ಮೆಲ್ಲಗೆ ತನ್ನ ತಲೆಯ ಹಸಿರು ಟೋಪಿ ತೆಗೆದು, ಮಡಚಿ, ಜೇಬಿಗೆ ಇಳಿಸಿದ. ಸಲಾಕಿಯನ್ನು ಸೊಸೆಯತ್ತ ಸರಿಸಿದ.

"ನೀನೇ ಇಟ್ಕೋ ಬೇಟಿ, ಇನ್ನ ನಾ ವಾಪಸ್ ಕೇಳಂಗಿಲ್ಲ," ಎಂದ, ಮುಖ ಅತ್ತ ತಿರುಗಿಸಿ. "ನಂಗ ಸಿಂಧನೂರು ಬಸ್ಸಿಗೆ ಹೊತ್ತಾತು."

ಸಿಂಧನೂರಿನಲ್ಲಿ ಆ ದಿನ ಅವನಿಗೆ ಯಾವ ಕೆಲಸವೂ ಇರಲಿಲ್ಲ. ಮಾಸುಂಬಿ ತುಟಿ ಕಚ್ಚಿ ನಗು ತಡೆದು ಸಲಾಕಿಯನ್ನು ಕೆಂಡಕ್ಕಿಟ್ಟಳು.