ಒಂದು ಮನೆ, ಎರಡು ಮಾತು

ಹಾಸಿಗೆಯ ದೊಡ್ಡ ಹೊದಿಕೆ ಮಡಿಸಲು ಇಬ್ಬರು ಬೇಕು. ಎದುರುಬದುರು ನಿಂತು, ಜಗ್ಗಿ, ಮೂಲೆಗೆ ಮೂಲೆ ಕೂಡಿಸಬೇಕು. ಲಾಂಡ್ರಿ ನಡೆಸುತ್ತಿದ್ದ ಅತ್ತಿಗೆ-ನಾದಿನಿಯರಿಗೆ ಅದು ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಆದರೆ ಆ ವಾರ ಹೋಟೆಲಿಗೆ ಒಗೆದು ಕಳಿಸಿದ ಹೊದಿಕೆಗಳೆಲ್ಲ ಸೊಟ್ಟ. ಹೋಟೆಲಿನ ಮ್ಯಾನೇಜರ್ ಫೋನು ಮಾಡಿ, "ಏನ್ರಮ್ಮಾ, ಕುಸ್ತಿ ಆಡ್ಕೊಂಡು ಮಡಿಸಿದ್ರಾ?" ಎಂದು ಕೇಳಿದ.

ಕುಸ್ತಿ ನಡೆದದ್ದು ನಿಜ, ಬಾಯಲ್ಲಿ. ಅತ್ತಿಗೆಯ ಗಂಡನನ್ನು, ಅಂದರೆ ನಾದಿನಿಯ ಒಡಹುಟ್ಟಿದ ಅಣ್ಣನನ್ನು, ಇದೇ ಅಂಗಡಿಯ ಬಾಗಿಲಲ್ಲಿ ಇರಿದು ಕೊಂದವನಿಗೆ ಗಲ್ಲುಶಿಕ್ಷೆಯಾಗಿತ್ತು. ಈಗ ಅವನು ದೇಶದ ಮುಖ್ಯಸ್ಥರಿಗೆ ಕ್ಷಮಾದಾನದ ಅರ್ಜಿ ಹಾಕಿದ್ದ. ತೀರ್ಮಾನಕ್ಕೆ ಮುಂಚೆ ಸತ್ತವನ ಮನೆಯವರ ಮಾತನ್ನೂ ಕೇಳಲು ಅಧಿಕಾರಿಯೊಬ್ಬರು ಬರುವವರಿದ್ದರು. ಕೋರ್ಟಿನಲ್ಲಿ ಹಿಂದಿನ ಬೆಂಚೇ ಇವರ ಪಾಲಾಗಿತ್ತು. ಹೇಗಿದ್ದೀರಿ ಎಂದು ಕೂಡ ಯಾರೂ ಕೇಳಿರಲಿಲ್ಲ. ಈಗ ಕೇಳುತ್ತಾರೆಂದರೆ ಏನು ಹೇಳುವುದು?

"ಗಲ್ಲಿಗೇ ಹಾಕಲಿ" ಎಂದಳು ನಾದಿನಿ.

"ಬೇಡ ಕಣೇ. ಸಾಯೋವರೆಗೂ ಜೈಲಲ್ಲೇ ಬಿದ್ದಿರ್ಲಿ. ಇನ್ನೊಂದು ಹೆಣ ನಂಗೆ ಬೇಡ."

"ನಿಮಗೇನು, ಗಂಡ ಅಷ್ಟೆ. ನನಗೆ ಅಣ್ಣ."

"ಗಂಡ ಅಷ್ಟೇನಾ? ಆ ನಾಲಿಗೆಗೂ ಒಂದ್ಸಲ ಇಸ್ತ್ರಿ ಹಾಕ್ಕೋ!"

ಒಂದರಲ್ಲಿ ಮಾತ್ರ ಇಬ್ಬರೂ ಒಂದೇ: ಒಂದು ಮನೆಯೆಂದ ಮೇಲೆ ಒಂದೇ ಮಾತು ಹೋಗಬೇಕು. ಕೆಲಸ ಕಲಿಸಿದ ಬುದ್ಧಿ ಅದು. ಮೂಲೆಗೆ ಮೂಲೆ ಕೂಡಲೇಬೇಕು. ಯಾರಾದರೊಬ್ಬರು ಸೋಲಬೇಕಿತ್ತು, ಸೋತವರು ಆ ಮುಳ್ಳನ್ನು ಬದುಕಿಡೀ ಎದೆಯಲ್ಲಿಟ್ಟುಕೊಳ್ಳಬೇಕಿತ್ತು. ಅತ್ತಿಗೆಗೆ ಭಯವಾದದ್ದು ಅದಕ್ಕೇ. ತಾನು ಮದುವೆಯಾಗಿ ಬಂದಾಗ ಈ ಹುಡುಗಿ ಎರಡು ಜಡೆಯವಳು. ಗಂಡ ಸತ್ತು ತಾನು ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಕೈ ಹಿಡಿದೆಬ್ಬಿಸಿ, "ಬಟ್ಟೆ ಕೊಳೀತಾ ಇದೆ, ಏಳಿ ಅತ್ತಿಗೆ" ಎಂದು ಗದರಿದವಳೂ ಇವಳೇ. ಅಂಥವಳ ಮನಸ್ಸು ಮುರಿದು ಬದುಕುವುದು ಹೇಗೆ?

"ನಿಮ್ಮಿಷ್ಟ ಸ್ವಾಮಿ ಅಂದ್ಬಿಟ್ರೆ?" ಎಂದು ಕೇಳಿ ನೋಡಿದಳು.

"ಅಡ್ಡಗೋಡೆ ಮೇಲೆ ದೀಪ ಇಡೋದಾದ್ರೆ ಅವ್ರಿಗೆ ಬರೋದೇ ಬೇಡ ಅನ್ನಿ."

ಕೊನೆಗೆ ಅತ್ತಿಗೆ ಒಳಗೊಳಗೇ ನಿರ್ಧಾರ ಮಾಡಿಕೊಂಡಳು: ಸೋಲುವುದು ತಾನೇ.

ಬಂದ ಅಧಿಕಾರಿ ಕನ್ನಡಕದ ಹೆಂಗಸು. ಬಟ್ಟೆ ಗಂಟುಗಳ ನಡುವಿನ ಸ್ಟೂಲಿನಲ್ಲಿ ಕೂತು, "ಹೇಳಿ" ಎಂದರು.

ಅತ್ತಿಗೆ, "ಗಲ್ಲು ಆಗಲಿ" ಎಂದಳು. ಅದೇ ಹೊತ್ತಿಗೆ ನಾದಿನಿ, "ಜೈಲಲ್ಲೇ ಇರಲಿ" ಎಂದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. "ಲೇ, ಅದು ನನ್ನ ಮಾತಲ್ವೇನೇ?" ಎಂದಳು ಅತ್ತಿಗೆ.

"ನನ್ನ ಮಾತು ನಿಮ್ಮ ಬಾಯಿಗೆ ಹೇಗೆ ಬಂತು ಮತ್ತೆ?"

ವಿಷಯ ತಿಳಿದಾಗ ಅಧಿಕಾರಿಗೂ ನಗು ತಡೆಯಲಾಗಲಿಲ್ಲ. "ಮನೆಗೊಂದೇ ಮಾತು ಅಂತ ನಿಮಗೆ ಯಾರು ಹೇಳಿದ್ರಮ್ಮಾ? ಇಬ್ಬರಿಗೂ ಹಕ್ಕಿದೆ. ಬೇರೆಬೇರೆಯಾಗೇ ಬರ್ಕೋತೀನಿ. ತೀರ್ಮಾನದ ಭಾರ ಮೇಲಿನವರದ್ದು, ನೀವ್ಯಾಕೆ ಹೊರ್ತೀರಿ?"

ಅವರವರ ಮಾತನ್ನು ಅವರವರು ಹೇಳಿದರು. ಅತ್ತಿಗೆ ಇನ್ನೊಂದು ಕೇಳಿದಳು: "ಏನೇ ಆಗ್ಲಿ, ಟೀವಿಯವರಿಗಿಂತ ಮೊದಲು ನಮಗೆ ಹೇಳಿ." ಅಧಿಕಾರಿ ಒಪ್ಪಿದರು.

ಅವರು ಮತ್ತೆ ಬರುವಷ್ಟರಲ್ಲಿ ಚಳಿಗಾಲ ಕಳೆದಿತ್ತು. ಸುದ್ದಿ ಹೊರಗೆ ಬೀಳುವ ಮೊದಲೇ ಬಂದಿದ್ದರು. ಗಲ್ಲು ರದ್ದಾಗಿತ್ತು, ಅವನು ಸಾಯುವವರೆಗೂ ಜೈಲಿನಲ್ಲೇ ಇರಬೇಕಿತ್ತು.

ಅತ್ತಿಗೆ ನಿರಾಳವಾಗಲೂ ಹೆದರಿ ನಾದಿನಿಯ ಮುಖ ನೋಡಿದಳು. ನಾದಿನಿ ಅಧಿಕಾರಿಯ ಕಡೆ ತಿರುಗಿ, "ನಾನು ಹೇಳಿದ್ದು ಮೇಲಿನವ್ರಿಗೆ ಮುಟ್ತಾ?" ಎಂದಳು.

"ಮುಟ್ಟಿತು. ನಿಮ್ಮ ಮಾತನ್ನ ಎರಡು ಸಲ ಓದಿಸಿಕೊಂಡ್ರು. ತಂಗಿಯ ಸಿಟ್ಟು ನ್ಯಾಯವಾದದ್ದೇ ಅಂದ್ರು."

ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನಿನ್ನೂ ಒಪ್ಪಿಲ್ಲ, ತಿಳ್ಕೊಳಿ ಅತ್ತಿಗೆ."

"ಒಪ್ಪಬೇಡ. ಅನ್ನ ಆರ್ತಾ ಇದೆ, ಬಾ."

"ಬರ್ತೀನಿ, ಇರಿ" ಎಂದು ಗೊಣಗುತ್ತಲೇ ನಾದಿನಿ ಒಳಗೆ ಹೋಗಿ ಮೂರು ತಟ್ಟೆ ಹಾಕಿದಳು. ಹೊರಡಲು ಎದ್ದ ಅಧಿಕಾರಿಯನ್ನು, "ಕೂತ್ಕೊಳ್ಳಿ, ಇಷ್ಟು ದೂರ ಬಂದೋರು ಹಸ್ಕೊಂಡು ಹೋಗ್ತೀರಾ?" ಎಂದು ಗದರಿ ಕೂರಿಸಿದಳು.