ತುದಿಯ ನಿಂಬೆಹಣ್ಣು

ಟರ್ಪೆಂಟೈನ್ ವಾಸನೆ, ಅದರೊಳಗೆ ಇನ್ನೊಂದು ವಾಸನೆ, ತಾಮ್ರದ ಚೊಂಬಿನಂಥದು — ನೆಲದ ಮೇಲೆ ಗಾಜಿನ ಚೂರು, ಬ್ರಷ್ಷುಗಳು, ನಾನೇ ಎಸೆದ ಜಾಡಿ, ಅಡುಗೆಮನೆಯಲ್ಲಿ ಹೆಂಡತಿ ಗಿರಿಜೆ ಒಡೆದ ಹುಬ್ಬಿಗೆ ಅರಿಸಿನ ಒತ್ತಿಕೊಳ್ಳುತ್ತಿದ್ದಾಳೆ, ಕಿಟಕಿ ತೆಗೆದಿದ್ದಳು ಅಷ್ಟೇ, ಹಸಿ ಬಣ್ಣದ ಮೇಲೆ ರಾಜಾಜಿನಗರದ ಧೂಳು ಕೂತಿತು, ಕೆಲಸದಲ್ಲಿದ್ದಾಗ ನಾನು ನಾನಲ್ಲ ಕಣೇ, ಮೈಮೇಲೆ ಬಂದಿರುತ್ತೆ ಎಂದೆ, ಇಪ್ಪತ್ತು ವರ್ಷದಿಂದ ಅದನ್ನೇ ಅಂದಿದ್ದೇನೆ — ಸಂಜೆ ಕೆಂಗೇರಿಯ ಮಠದವರು ಬರುತ್ತಾರೆ, ವೀರಭದ್ರ ಮುಗಿದಿದ್ದಾನೆ, ಎತ್ತಿದ ಕತ್ತಿ ಮುಗಿದಿದೆ, ಉರುಳುವ ದಕ್ಷನ ತಲೆಗೆ ಮಾತ್ರ ಇನ್ನೂ ಮುಖವಿಲ್ಲ, ಮೂಲೆಯಲ್ಲಿ ಎಂದಿನ ಹಳದಿ ಉಂಡೆ. ಎಪ್ಪತ್ತೆರಡರಲ್ಲಿ ದೆಹಲಿಯ ಪ್ರಶಸ್ತಿ ಬಂದಾಗ ಪೇಪರಿನವರು ಬರೆದರು, ಶಂಭುಲಿಂಗಪ್ಪನವರ ರೌದ್ರ ಕೆಂಪಿನ ಅಂಚಿನಲ್ಲಿ ಸದಾ ಒಬ್ಬ ಸೂರ್ಯ, ಬರೆದುಕೊಳ್ಳಲಿ, ಅದು ನಿಂಬೆಹಣ್ಣು. ಅಪ್ಪ ಪುರವಂತ, ವೀರಭದ್ರನ ಕುಣಿತ ಕುಣಿದು ಮನೆಗೆ ಬಂದೊಡನೆ ಕತ್ತಿಯ ತುದಿಗೆ ನಿಂಬೆಹಣ್ಣು ಚುಚ್ಚಬೇಕು, ಆಗ ಮೈಯಿಂದ ದೇವರು ಇಳಿಯುತ್ತಾನೆ, ಕತ್ತಿ ತಣ್ಣಗಾಗುತ್ತದೆ — ಆಹಾ ರುದ್ರಾ, ಆಹಾ ದೇವಾ, ವೀರಭದ್ರನನ್ನು ಹೊಗಳುವ ಅವನ ಒಡಪು ಕೇಳುತ್ತಲೇ ಮಾತು ಕಲಿತವನು ನಾನು, ಸಾಲಿಗೊಂದು ತಲೆ ಉರುಳುತ್ತಿತ್ತು — ಒಂಬತ್ತು ವರ್ಷ ನನಗೆ, ಬಾಯಾರಿಕೆ, ದೇವರ ಗೂಡಿನಲ್ಲಿಟ್ಟ ಹಣ್ಣನ್ನು ಕದ್ದು ಉಪ್ಪು ಹಚ್ಚಿ ಚೀಪಿದೆ, ಅಪ್ಪನ ಗೆಜ್ಜೆ ಸದ್ದು, ಕದದ ಹಿಂದೆ ಕಣ್ಣು ಮುಚ್ಚಿ ಕೂತೆ, ಯಾಕ ತಡಾ ಆತ್ರೀ ಎಂದಳು ಅವ್ವ, ಅಷ್ಟೇ ಎಂದದ್ದು, ಕಣ್ಣು ಬಿಟ್ಟರೆ ಬೆಂಡೋಲೆ ಸಮೇತ ಅವ್ವನ ಎಡಗಿವಿ ನೆಲದ ಮೇಲೆ, ನೆಲವೆಲ್ಲ ನನ್ನ ಕೆಂಪು, ನನ್ನ ನಾಲಿಗೆಯ ಮೇಲೆ ಹುಳಿ. ಹಣ್ಣಿರಲಿಲ್ಲ, ದೇವರು ಇಳಿಯಲಿಲ್ಲ, ನನ್ನಿಂದ — ನಲವತ್ತು ವರ್ಷ ಆ ಹಣ್ಣನ್ನು ಬರೆದು ಬರೆದು ಗೂಡಿಗೆ ವಾಪಸು ಇಡುತ್ತಿದ್ದೇನೆ. ಬಾಗಿಲಲ್ಲಿ ಗಿರಿಜೆ, ಕೈಯಲ್ಲಿ ಚೀಲ, ಹೊಸಹಳ್ಳಿಗೆ ಹೋಗ್ತಾ ಇದೀನಿ, ಅಣ್ಣನ ಮನೆಗೆ, ತಿರುಗಿ ಬರಲ್ಲ. ಬಣ್ಣದ ಚಾಕು ಮೇಲೇಳುತ್ತಿದೆ, ಇದು ನಾನಲ್ಲ, ಎತ್ತುತ್ತಿರುವವನು ನಾನಲ್ಲ — ಯಾಕ್ರೀ, ನಿಂಬೆಹಣ್ಣು ತರ್ಲಾ? ನಗುತ್ತಾಳೆ, ನಕ್ಕರೆ ಹುಬ್ಬಿನಿಂದ ರಕ್ತ ಜಾರುತ್ತದೆ, ಅತ್ತೆ ಸಾಯೋ ಮುಂಚೆ ನಂಗೊಂದು ಮಾತು ಹೇಳಿದ್ರು, ಅವನಿಗೆ ಹೇಳ್ಬೇಡ, ಅಪ್ಪನ್ನ ದೇವರು ಅಂತಾನೇ ತಿಳ್ಕೊಂಡಿರ್ಲಿ ಅಂದಿದ್ರು. ಗೂಡಲ್ಲಿ ಹಣ್ಣಿಲ್ಲ ಅಂತ ಹಿತ್ತಲಿಂದ ಇನ್ನೊಂದು ಕಿತ್ಕೊಂಡ್ ಬಂದು ಅತ್ತೇನೇ ಕತ್ತಿಗೆ ಚುಚ್ಚಿದ್ರಂತೆ. ಹಣ್ಣಿತ್ತು ಕಣ್ರೀ. ಹಣ್ಣಿದ್ದ ಹಾಗೇ ಮಾವ ಹೊಡೆದ್ರು. ಗೇಟಿನ ಸದ್ದು, ಹೋದಳು, ಚಾಕು ಇನ್ನೂ ಮೇಲೆಯೇ ಇದೆ — ಹಣ್ಣಿತ್ತು, ದೇವರು ಇಳಿದಾಗಿತ್ತು, ಹಾಗಾದರೆ ಕತ್ತಿ ಬೀಸಿದವನು ಬರೀ ಅಪ್ಪ, ಜಾಡಿ ಎಸೆದವನು ಬರೀ — ದಕ್ಷನ ಖಾಲಿ ಮುಖ, ಎತ್ತಿದ ಕೈ, ತುದಿಯಲ್ಲಿ ನಿಂಬೆಹಣ್ಣು, ಅವ್ವನ ಕಿವಿಯತ್ತ ಬರುತ್ತಿರುವ ಕತ್ತಿಯ ತುದಿಯಲ್ಲಿ ನಿಂಬೆಹಣ್ಣು, ಹಳದಿ, ತಣ್ಣಗಿನ ನಿಂಬೆಹಣ್ಣು